ಬಮ್ಮಿಗಟ್ಟಿಗೆ ಒಂದು ಅಡ್ಡದಾರಿ

ಜಿಲ್ಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ದಾಟಬೇಕೆಂದು ನನಗೆ ಎಂದೂ ಅನಿಸಿದ್ದಿಲ್ಲ. ನಾನು ನವಲಗುಂದದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವವಳು. ಮನೆಯಿಂದ ಶಾಲೆಗೆ, ಶಾಲೆಯಿಂದ ಕಾಯಿಪಲ್ಯೆ ಅಂಗಡಿಗೆ ಹೋಗಿಬಂದರೆ ನನ್ನ ಆ ದಿನದ ನಡಿಗೆ ಮುಗಿಯಿತು. ಈ ಹುಚ್ಚು ಹತ್ತಿದ್ದು ನಮ್ಮ ಶಾಲೆಯ ಪಿ.ಟಿ. ಮಾಸ್ತರಿಗೆ. ಮೂವತ್ತು ವರ್ಷ ಸೀಟಿ ಊದಿ ನಿವೃತ್ತರಾದವರು ಅವರು. ಮನೆಯಲ್ಲಿ ಅವರ ಸೀಟಿಗೆ ಯಾರೂ ಸಾಲಾಗಿ ನಿಲ್ಲಲಿಲ್ಲವೆಂದು ಕಾಣುತ್ತದೆ, ನಡೆಯಲು ಶುರುಮಾಡಿದರು. ಬಂಡಿದಾರಿ, ಕೆರೆ ಏರಿ, ಹೊಲದ ಬದು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ನವಲಗುಂದದಿಂದ ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಹಾಯ್ದು ಅಡವಿ ಸೆರಗಿನ ಅಳ್ನಾವರದ ತನಕ ಆರು ದಿನದ ಒಂದು ಹಾದಿ ಮಾಡಿದರು. ದೀಪಾವಳಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಒಂದು ಗುಂಪು ಹೊರಡುತ್ತಿತ್ತು.

ಮೊದಲ ವರ್ಷ ಹಳ್ಳಿಗಳಲ್ಲಿ ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ.

"ಯಾವ ದೇವರಿಗೆ ಹೊಂಟೀರ್ರಿ?"

"ಯಾವ ದೇವರಿಗೂ ಅಲ್ರಿ. ಸುಮ್ನ ನಡಿಯಾಕತ್ತೀವಿ."

"ಹಂಗಾರ ಮನ್ಯಾಗ ಏನರ ಜಗಳ ಆಗೈತೇನ್ರಿ?"

ಬರಬರುತ್ತ ಜನರಿಗೆ ಈ ಗುಂಪಿನ ರೂಢಿಯಾಯಿತು. ಒಂದೂರಿನಲ್ಲಿ ಮಲಗಲು ಶಾಲೆಯ ಪಡಸಾಲೆ ಬಿಟ್ಟುಕೊಟ್ಟರು, ಇನ್ನೊಂದೂರಿನಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ಹಾದಿಯಲ್ಲೇ ಕಾದು ನಿಂತರು. ಬಮ್ಮಿಗಟ್ಟಿಯಲ್ಲಿ ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಎನ್ನುವ ಒಬ್ಬಾಕೆಯಂತೂ ನಡೆಯುವವರ ಊಟ, ನಿದ್ದೆ, ಬುದ್ಧಿ ಮೂರನ್ನೂ ತಾನೇ ವಹಿಸಿಕೊಂಡುಬಿಟ್ಟಳು. ಅರವತ್ತು ದಾಟಿದ ಹೆಂಗಸು. ನಾಲ್ಕು ಎಕರೆ ಹೊಲವನ್ನೂ ಎರಡು ಎಮ್ಮೆಗಳನ್ನೂ ಒಂದೇ ದನಿಯಲ್ಲಿ ಆಳುವವಳು. ಬಂದವರು ಸಹಿ ಮಾಡಲೆಂದು ಒಂದು ನೋಟ್‌ಬುಕ್ ಇಟ್ಟಿದ್ದಳು. ನಡೆದು ಬಂದವರಿಗೆ ಮಾತ್ರ ಅದರಲ್ಲಿ ಸಹಿ. ಒಮ್ಮೆ ಮೋಟರ್‌ಸೈಕಲ್ ಮೇಲೆ ಬಂದು ಫೋಟೋ ತೆಗೆಸಿಕೊಂಡ ಒಬ್ಬರಿಗೆ ರೊಟ್ಟಿ ಕೊಟ್ಟಳು, ಪೆನ್ನು ಕೊಡಲಿಲ್ಲ.

ಮೂರನೆಯ ವರ್ಷ ನಾನು ಸೇರಿದೆ. ಒಬ್ಬಳೇ ಹೋಗಲು ಧೈರ್ಯ ಸಾಲದೆ ನಮ್ಮ ಓಣಿಯ ಆಪಾಳನ್ನು ಹುರಿದುಂಬಿಸಿದೆ. ಆಪಾ ಜಮಖಾನ ನೇಯುವವಳು. ದಿನವಿಡೀ ಮಗ್ಗದ ಮುಂದೆ ಕುಳಿತು ಬೆನ್ನು ಹಿಡಿದುಹೋಗಿತ್ತು. ನಡೆದರೆ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. "ಡಾಕ್ಟರ್ ನಡೀ ಅಂದಾರ, ಖರೆ. ಅಳ್ನಾವರದ ತನಕ ನಡೀ ಅಂದಿಲ್ಲಲ್ರಿ ಅಕ್ಕೋರ" ಎನ್ನುತ್ತಲೇ ಚೀಲ ಕಟ್ಟಿದಳು. ಆ ವರ್ಷ ಒಟ್ಟು ಹನ್ನೆರಡು ಮಂದಿ ಹೊರಟೆವು.

ಮಾಸ್ತರ ನಿಯಮ ಒಂದೇ: ಗಾಲಿ ಇರುವ ಯಾವುದನ್ನೂ ಹತ್ತಕೂಡದು. ಎತ್ತಿನ ಬಂಡಿಯೂ ಇಲ್ಲ, ಸೈಕಲ್ಲೂ ಇಲ್ಲ. ಎರಡನೆಯ ದಿನ ಆಪಾ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಬೆನ್ನು ಆನಿಸಿ ನಿಂತದ್ದಕ್ಕೇ ಅವರು ಸೀಟಿ ಊದಿದರು.

ಅವತ್ತು ಸಂಜೆ ಅಕಾಲದ ಮಳೆ ಬಂತು. ಎರಿ ಎಂಬ ಕಪ್ಪು ಮಣ್ಣಿನಲ್ಲಿ ಮಳೆಯಾದ ಮೇಲೆ ನಡೆದವರಿಗೇ ಆ ಕಷ್ಟ ಗೊತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಹಿಡಿ ಮಣ್ಣು ಬೂಟಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಹೆಜ್ಜೆ ಇಟ್ಟರೆ ಎರಡೂ ಕಾಲಿಗೆ ಒಳಕಲ್ಲು ಕಟ್ಟಿಕೊಂಡಂತೆ. ಹಾಗೆ ಕುಂದಗೋಳ ದಾಟಿ ಒಂದು ಹಳ್ಳಿಯ ಶಾಲೆಯಲ್ಲಿ ಉಳಿದೆವು. ಮರುದಿನ ಬಮ್ಮಿಗಟ್ಟಿ ಮುಟ್ಟಬೇಕಿತ್ತು. ಇಡೀ ಹಾದಿಯಲ್ಲಿ ಅದೇ ಎಲ್ಲಕ್ಕಿಂತ ಉದ್ದದ ದಿನ.

ಬೆಳಗ್ಗೆ ನಡೆದು ನಡೆದು ಡಾಂಬರು ರಸ್ತೆಗೆ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಮಾಸ್ತರು ಎಲ್ಲರನ್ನೂ ನಿಲ್ಲಿಸಿ, "ನೀವು ಮುಂದ ನಡೀರಿ. ಹಿಂದಿನ ಊರಾಗ ನಂದೊಂದು ಸಣ್ಣ ಕೆಲಸ ಐತಿ, ಮುಗಿಸಿ ಬಂದು ಕೂಡಿಕೋತೀನಿ" ಎಂದು ತಿರುಗಿ ಹೋದರು. ಸೀಟಿ ಕಣ್ಮರೆಯಾದದ್ದೇ ತಡ, ಆಪಾ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

"ನನ್ನ ಬೊಬ್ಬಿ ಒಡದಾವು, ಪಟ್ಟಿ ಹಚ್ಚಿಕೊಂಡು ಬರ್ತೀವಿ" ಎಂದು ಉಳಿದವರಿಗೆ ಹೇಳಿದೆ. ಅವರು ತಿರುವಿನಲ್ಲಿ ಮರೆಯಾಗುವ ತನಕ ಬಸ್ ಸ್ಟಾಪಿನ ಗೋಡೆಯ ಹಿಂದೆ ಕುಳಿತೆವು. ಅರ್ಧ ಗಂಟೆಗೆ ಕಲಘಟಗಿ ದಾಟಿ ಬಮ್ಮಿಗಟ್ಟಿಯ ಕಡೆ ಹೋಗುವ ಬಸ್ಸು ಬಂತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆಧಾರ್ ಕಾರ್ಡು ಸೊಂಟದ ಚೀಲದಲ್ಲೇ ಇತ್ತು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟ ಮೇಲೂ ಹತ್ತದಿದ್ದರೆ ಸರಕಾರಕ್ಕೆ ಅವಮಾನವೆಂದು ಆಪಾ ಹೇಳಿದಳು.

ಹಿಂದಿನ ಸೀಟಿನಲ್ಲಿ ಒಬ್ಬ ಗಂಡಸು ಮುಖದ ಮೇಲೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ ಕುಳಿತು ನೋಡುತ್ತೇನೆ, ಟವೆಲ್ಲಿನ ಕೆಳಗೆ ಕೆಂಪು ದಾರ. ದಾರದ ತುದಿಗೆ ಸೀಟಿ.

"ಮಾಸ್ತರ!" ಎಂದಳು ಆಪಾ.

ಗೊರಕೆ ನಿಂತಿತು. ಟವೆಲ್ ಒಂದು ಅಂಗುಲ ಕೆಳಗೆ ಸರಿದು ಒಂದು ಕಣ್ಣು ಕಾಣಿಸಿತು. ಆ ಕಣ್ಣು ನಮ್ಮಿಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಿತು. ಆಮೇಲೆ ಟವೆಲ್ಲಿನ ಒಳಗಿಂದ, "ನೀವು ನನ್ನ ನೋಡಿಲ್ಲ. ನಾ ನಿಮ್ಮನ್ನ ನೋಡಿಲ್ಲ" ಎಂಬ ದನಿ ಬಂತು.

"ಆತ್ರಿ" ಎಂದೆ.

ಒಪ್ಪಂದವಾಗಿ ಐದು ನಿಮಿಷವಾಗಿರಲಿಲ್ಲ, ಕಿಟಕಿಯಲ್ಲಿ ನಮ್ಮ ಗುಂಪು ಕಂಡಿತು. ರಸ್ತೆಯ ಅಂಚಿನಲ್ಲಿ ಬೆನ್ನ ಮೇಲೆ ಚೀಲ ಹೊತ್ತು ಸಾಲಾಗಿ ನಡೆಯುತ್ತಿದ್ದರು. ಮೂವರೂ ಒಮ್ಮೆಲೇ ಸೀಟಿನ ಕೆಳಗೆ ಬಗ್ಗಿದೆವು. ಬಸ್ಸು ಅವರನ್ನು ದಾಟಿತು. ಆದರೆ ಕಂಡಕ್ಟರು ನಮ್ಮ ತಲೆಯ ಮೇಲೆಯೇ ನಿಂತಿದ್ದ.

"ಏನರ ಕಳಕೊಂಡೀರೇನ್ರಿ?"

"ಹೌದ್ರಿ" ಎಂದಳು ಆಪಾ. "ಬೆಂಡೋಲಿ."

ಬೆಂಡೋಲಿ ಎಂದರೆ ಬಂಗಾರದ ಓಲೆ. ಬಂಗಾರವೆಂಬ ಮಾತು ಬಿದ್ದ ಮೇಲೆ ಬಸ್ಸಿನಲ್ಲಿ ಯಾರು ಸುಮ್ಮನಿರುತ್ತಾರೆ? ಮುಂದಿನ ಸೀಟಿನವರು ಬಗ್ಗಿದರು, ಅವರ ಮುಂದಿನವರು ಬಗ್ಗಿದರು, ಒಬ್ಬಾಕೆ ಕೂಸನ್ನು ಪಕ್ಕದವಳ ತೊಡೆಗೆ ಹಾಕಿ ಸೆರಗು ಕಟ್ಟಿ ಇಳಿದಳು. ಡ್ರೈವರು ಒಳ್ಳೆಯ ಮನುಷ್ಯ. ಕುಲುಕಾಟದಲ್ಲಿ ಓಲೆ ಇನ್ನೂ ದೂರ ಉರುಳಿಹೋದೀತೆಂದು ಬಸ್ಸನ್ನೇ ನಿಲ್ಲಿಸಿದ. ನಿಂತ ಬಸ್ಸಿನ ಹತ್ತಿರಕ್ಕೆ ನಮ್ಮ ಗುಂಪು ನಡೆದು ಬಂತು.

ಗುಂಪಿನ ಮುಂದಿದ್ದವಳು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಹಾದಿಯ ನಕ್ಷೆಯನ್ನು ಮೊಬೈಲಿನಲ್ಲಿ ತಿದ್ದುವ ಕೆಲಸ ಅವಳದು. ಅವಳು ಡ್ರೈವರನನ್ನು ಕೇಳುವುದು ನಮ್ಮ ಕಿವಿಗೆ ಸ್ಪಷ್ಟವಾಗಿ ಬಿತ್ತು.

"ಏನಾತ್ರಿ ಅಣ್ಣಾರ?"

"ಯಾರೋ ಹೆಣ್ಣಮಗಳ ಬೆಂಡೋಲಿ ಕಳದೈತ್ರಿ."

"ಅಯ್ಯ ಪಾಪ. ಸಿಗಲಿ ಬಿಡ್ರಿ."

ಅವಳ ಬೂಟಿನ ಸಪ್ಪಳ ನಮ್ಮ ಕಿಟಕಿಯ ಕೆಳಗೇ ಹಾದುಹೋಯಿತು. ಸೀಟಿನ ಕಾಲಿಗೆ ಹಣೆ ಒತ್ತಿಕೊಂಡಿದ್ದ ಮಾಸ್ತರ ಮೈ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು, ನೋಡಿದರೆ ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಆ ಮನುಷ್ಯ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಒಬ್ಬ ಅಜ್ಜ ಆಪಾಳನ್ನೇ ದಿಟ್ಟಿಸಿ ನೋಡಿ, "ಅಲ್ಲವಾ ತಂಗಿ, ನಿನ್ನ ಎರಡೂ ಕಿವ್ಯಾಗ ಬೆಂಡೋಲಿ ಅದಾವಲ್ಲ?" ಎಂದ.

ಇಡೀ ಬಸ್ಸು ಆಪಾಳ ಕಿವಿ ನೋಡಿತು. ಆಪಾ ನಿಧಾನವಾಗಿ ಒಂದು ಕಿವಿ ಮುಟ್ಟಿಕೊಂಡಳು, ಇನ್ನೊಂದು ಮುಟ್ಟಿಕೊಂಡಳು. "ಅಯ್ಯ ನನ್ನ ಮರವ! ಹಾಕ್ಕೊಂಡೇ ಕುಂತೀನಿ!" ಎಂದು ಎಷ್ಟು ಚೆಂದ ಹಣೆ ಬಡಿದುಕೊಂಡಳೆಂದರೆ, ನಾನೂ ಒಂದು ಕ್ಷಣ ನಂಬಿದೆ. ಬೈಗುಳ ತಿಂದೆವು. ಕಂಡಕ್ಟರು ರೈಟ್ ಎಂದ. ಮುಂದೆ ಹೋಗಿದ್ದ ಗುಂಪನ್ನು ಬಸ್ಸು ಮತ್ತೆ ದಾಟುವಾಗ ಮೂವರೂ ಮುಖ ಮುಚ್ಚಿಕೊಂಡೆವು.

ಬಮ್ಮಿಗಟ್ಟಿ ಸ್ವಲ್ಪ ದೂರವಿರುವಾಗಲೇ ಇಳಿದು, ಡಾಂಬರು ರಸ್ತೆಯ ಪಕ್ಕದ ಒಂದು ಬೇವಿನ ಮರದ ಕೆಳಗೆ ಸಂಜೆಯ ತನಕ ಕಾಲ ಕಳೆದೆವು. ಅಲ್ಲಿ ಮಾಸ್ತರು ಒಂದು ಮಾತು ಹೇಳಿದರು. ಕುಂದಗೋಳದ ಕಡೆ ಮಣ್ಣು ಕಪ್ಪು, ಕಲಘಟಗಿಯ ಕಡೆ ಕೆಂಪು. ನಡೆದು ಬಂದವರ ಬೂಟಿಗೆ ಕಪ್ಪಿನ ಮೇಲೆ ಕೆಂಪು ಹತ್ತಿರುತ್ತದೆ. ನಮ್ಮ ಬೂಟಿನಲ್ಲಿ ಬರೀ ಕಪ್ಪು. "ಕಾಕುನ ಕಣ್ಣು ಸಾದಾ ಕಣ್ಣಲ್ಲ. ಬಡಕೊಳ್ರಿ ಮಣ್ಣು" ಎಂದರು. ಹಸಿಯಾಗಿದ್ದ ಕೆಂಪು ಮಣ್ಣನ್ನು ಕೈಯಲ್ಲಿ ತೆಗೆದು ಒಬ್ಬರ ಬೂಟಿಗೆ ಒಬ್ಬರು ಬಳಿದೆವು. ಆಪಾ ನೇಕಾರಳಲ್ಲವೇ, ಎರಡೂ ಬೂಟಿಗೆ ಒಂದೇ ಸಮನಾಗಿ, ಅಂಚು ಮೀರದಂತೆ ಬಳಿದಳು.

ಕಾಕು ಬಾಗಿಲಲ್ಲೇ ನಿಂತಿದ್ದಳು. ಕೈಕಾಲು ತೊಳೆಯಲು ನೀರು ಕೊಟ್ಟಳು. ನಾವು ಬಿಟ್ಟ ಆರೂ ಬೂಟುಗಳನ್ನು ನೋಡಿದಳು. ಒಂದನ್ನು ಎತ್ತಿ ತಿರುವಿ ಹಾಕಿದಳು. ಇನ್ನೊಂದನ್ನೂ ತಿರುವಿದಳು.

"ಮಾಸ್ತರ, ಎಲ್ಲಾರ ಬೂಟಿಗೆ ಕೆಂಪು ಮಣ್ಣು ತಳಕ್ಕ ಹತ್ತತೈತಿ. ನಿಮ್ಮವಕ್ಕ ಬರೇ ಮ್ಯಾಲ ಹತ್ತೈತಿ. ತಲಿ ಕೆಳಗ ಮಾಡಿ ನಡದು ಬಂದೀರೇನು?"

ಮಾಸ್ತರು ಸೀಟಿಯನ್ನು ಅಂಗಿಯ ಒಳಗೆ ಇಳಿಬಿಟ್ಟುಕೊಂಡರು. ಕಾಕು ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದಳು. ನೋಟ್‌ಬುಕ್ಕನ್ನು ಎತ್ತಿ ಗೋಡೆಯ ಗೂಡಿನಲ್ಲಿಟ್ಟಳು.

ಕತ್ತಲಾಗುವ ಮೊದಲು ಉಳಿದವರು ಕಾಲೆಳೆಯುತ್ತ ಬಂದರು. ನಮ್ಮನ್ನು ನೋಡಿ ಅವರಿಗೆ ಬೆರಗೋ ಬೆರಗು. ನಕ್ಷೆಯ ಹುಡುಗಿ ಚೀಲವನ್ನೂ ಇಳಿಸದೆ ಕೇಳಿದಳು: "ಸರ್, ನೀವು ನಮ್ಮ ಹಿಂದಿದ್ರಿ. ಮುಂದ ಹೆಂಗ ಬಂದ್ರಿ?"

"ಅಡ್ಡದಾರಿ" ಎಂದುಬಿಟ್ಟರು ಮಾಸ್ತರು.

"ಯಾವ ಅಡ್ಡದಾರಿ ಸರ್? ನಕ್ಷಾದಾಗ ಹಾಕೂಣು!"

ಮಾಸ್ತರು ನನ್ನ ಕಡೆ ನೋಡಿದರು. ನಾನು ಗಣಿತದವಳು, ತ್ರಿಕೋನದ ಎರಡು ಬಾಹು ಸೇರಿದರೆ ಮೂರನೆಯದಕ್ಕಿಂತ ಉದ್ದ ಎಂದೇನೋ ಹೇಳಲು ಹೊರಟೆ. ಒಳಗಿನಿಂದ ಕಾಕುವಿನ ದನಿ ಬಂತು: "ಬಾಯಿಲೆ ಹೇಳಿದ್ರ ತಿಳಿಯೂದಿಲ್ಲವ್ವಾ. ಮುಂದಿನ ತಿಂಗಳ ಮೂರೂ ಮಂದಿ ಬಂದು ನಡದು ತೋರಸ್ತಾರ. ನಾ ಹೇಳೀನಿ ಅಂದ್ರ ಬರ್ತಾರ."

ಅದು ಶಿಕ್ಷೆ ಎಂದು ತಿಳಿದದ್ದು ನಮಗೆ ಮೂವರಿಗೇ.

ಉಳಿದ ಹಾದಿಯನ್ನು ಅಳ್ನಾವರದ ತನಕ ಬಾಯಿಮುಚ್ಚಿಕೊಂಡು ನಡೆದೆವು. ನಕ್ಷೆಯ ಹುಡುಗಿಯನ್ನು ಕರೆತರುವ ಮೊದಲು ಇಲ್ಲದ ದಾರಿಯನ್ನು ಹುಡುಕಬೇಕಿತ್ತು. ಡಿಸೆಂಬರಿನ ಒಂದು ಶನಿವಾರ ನಸುಕಿನಲ್ಲಿ ಮೂವರೇ ಹೋಗಿ, ಬಸ್ಸು ಹತ್ತಿದ ಜಾಗದಿಂದಲೇ ನಡೆಯಲು ಶುರುಮಾಡಿದೆವು. ಎರಡು ಸಲ ಜೋಳದ ಹೊಲದಲ್ಲಿ ದಾರಿ ತಪ್ಪಿದೆವು. ಒಂದು ನಾಯಿ ನಮ್ಮನ್ನು ತನ್ನ ಊರಿನ ಗಡಿಯ ತನಕ ಬೈಯುತ್ತ ಕಳಿಸಿತು. ಮಧ್ಯಾಹ್ನ ಒಬ್ಬ ಕುರಿಗಾರ ಸಿಕ್ಕಿ, "ಹಳೇ ಬಂಡಿದಾರಿ ಐತಲ್ರಿ, ಕೆರಿ ಏರಿ ಹಿಡೀರಿ" ಎಂದು ಕೋಲು ತೋರಿಸಿದ. ಎರಡೂ ಬದಿಗೆ ಕಳ್ಳಿಯ ಬೇಲಿ, ನಡುವೆ ಹುಲ್ಲು ಮುಚ್ಚಿದ ಗಾಲಿಯ ಗುರುತು. ಖರೆ ಹೇಳುತ್ತೇನೆ, ಮಾಸ್ತರು ಜೋಡಿಸಿದ್ದ ಹಾದಿಗಿಂತ ಅದು ಹತ್ತಿರವೂ ಇತ್ತು, ಚೆಂದವೂ ಇತ್ತು.

ಕೆರೆಯ ಏರಿಯ ಮೇಲೆ ಬುತ್ತಿ ಬಿಚ್ಚಿದೆವು. ಮಾಸ್ತರು ಕೂರಲು ಬಹಳ ಹೊತ್ತು ತೆಗೆದುಕೊಂಡರು. ಒಂದು ಕೈ ನೆಲಕ್ಕೂರಿ, ಬಲಗಾಲನ್ನು ನೇರವಾಗಿ ಚಾಚಿ ಕುಳಿತರು.

"ಮೊಣಕಾಲ್ರಿ" ಎಂದರು, ಯಾರೂ ಕೇಳದಿದ್ದರೂ. "ಹೋದ ಸಲ ಎರಡನೇ ದಿನದಿಂದನ ಹಿಡದಿತ್ತು. ನನ್ನ ನಿಯಮ ನಾನ ಮುರದ್ರ ಹೆಂಗ ಅಂತ ಯಾರಿಗೂ ಹೇಳಲಿಲ್ಲ."

ಹಿಂದಿನ ಊರಿನ ಆ ಸಣ್ಣ ಕೆಲಸ ಏನಿತ್ತೆಂದು ಈಗ ಅರ್ಥವಾಯಿತು. ಆಪಾ ಮಾತ್ರ ರೊಟ್ಟಿ ಮುರಿಯುತ್ತ, "ಮೊದಲ ಹೇಳಬೇಕಿಲ್ಲೇನ್ರಿ ಮಾಸ್ತರ. ಹನ್ನೆರಡೂ ಮಂದಿ ಕೂಡೇ ಬಸ್ ಹತ್ತತಿದ್ವಿ" ಎಂದಳು. ಮಾಸ್ತರು ಎರಡನೆಯ ಸಲ ನಕ್ಕರು. ಹಸಿ ಉಳ್ಳಾಗಡ್ಡಿ ಗಂಟಲಿಗೆ ಹತ್ತಿ ನೀರು ಕುಡಿಸಬೇಕಾಯಿತು.

ಆಮೇಲೆ ನಕ್ಷೆಯ ಹುಡುಗಿ ಬಂದು ಅದೇ ದಾರಿಯಲ್ಲಿ ನಮ್ಮೊಂದಿಗೆ ನಡೆದಳು. ಖುಷಿಪಟ್ಟು ನಕ್ಷೆಗೆ ಹಾಕಿದಳು. ಹೆಸರೇನು ಬರೆಯಲಿ ಎಂದಾಗ ಕಾಕು, "ಬಸ್ಸಿನ ಹಾದಿ ಅಂತ ಬರಿ" ಎಂದಳು. ಈಗ ಬಂಡಿಯೂ ಹೋಗದ ದಾರಿಗೆ ಇದೆಂಥ ಹೆಸರೆಂದು ಆ ಹುಡುಗಿ ಇವತ್ತಿಗೂ ತಲೆ ಕೆಡಿಸಿಕೊಂಡಿದ್ದಾಳೆ. ಹಿಂದಿನ ಕಾಲದಲ್ಲಿ ಏನೋ ಓಡಾಡಿರಬೇಕು ಎಂದು ಹೇಳಿ ನಾನು ಮಾತು ಮರೆಸಿದ್ದೇನೆ. ಅವತ್ತೇ ಕಾಕು ನಮ್ಮ ಮುಂದೆ ನೋಟ್‌ಬುಕ್ ಚಾಚಿದಳು. ಆಪಾ ಉರ್ದುವಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಸಹಿ ಮಾಡಿದಳು.

ಹೋದ ವರ್ಷದ ನಡಿಗೆಗೆ ಹೊರಡುವ ದಿನ ಮಾಸ್ತರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೊಸ ನಿಯಮ ಓದಿದರು: ಕಾಲು ನೋಯುವವರು ಹೇಳಿ ವಾಹನ ಹತ್ತಬಹುದು, ಮುಚ್ಚಿಡಬಾರದು. ತಾವು ಎರಡು ದಿನ ನಡೆದು, ಎಲ್ಲರ ಎದುರಿಗೇ ಬಸ್ಸು ಹತ್ತಿದರು. ನಾವು ಬಮ್ಮಿಗಟ್ಟಿ ಮುಟ್ಟಿದಾಗ ಕಾಕುವಿನ ಅಂಗಳದಲ್ಲಿ ಅವರು ಬಿದಿರಿನ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದರು. ಕಾಕು ಎಮ್ಮೆಗೆ ನೀರು ಕುಡಿಸುತ್ತಲೇ, "ಸಿಪ್ಪಿ ಅಂಗಳದ ತುಂಬ ಚೆಲ್ಲಬ್ಯಾಡ್ರಿ ಮಾಸ್ತರ" ಎಂದು ಗದರಿದಳು. ಮಾಸ್ತರು "ಇಲ್ಲವ್ವಾ" ಎಂದು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು.