ಇಪ್ಪತ್ತು ಲೀಟರ್ ಕ್ಯಾನು
ಏ, ಇಲ್ಲಿ ಕೇಳ್ರಪ್ಪಾ, ಆಚೆ ಬದಿ ನಿಂತವ್ರೂ ಕೇಳಿ, ನಮ್ಮ ಪ್ಯಾಕಿಂಗ್ ಕಂಪನಿ ಯಜಮಾನ್ರ ವಿಷಯ. ದಿನಕ್ಕೆ ನಲವತ್ತು ಫೋನು ಬಂದ್ರೂ ಕೂತು ಮಾತಾಡಿದ್ದನ್ನ ಯಾರೂ ನೋಡಿಲ್ಲ. ಸಹಿ ಬೇಕಂದ್ರೆ ನಾವೇ ಮೆಟ್ಟಿಲಲ್ಲಿ ಅವ್ರ ಹಿಂದೆ ಓಡ್ಬೇಕು. ಫೋನಲ್ಲಿ ವ್ಯಾಪಾರ ಮಾತಾಡ್ತಾನೇ ಬಸ್ಕಿ ಹೊಡೀತಾರೆ, ಆ ಕಡೆಯವ್ರು "ಯಾಕ್ ಸಾರ್ ಏದುಸಿರು, ರೇಟ್ ಕೇಳಿ ಗಾಬರಿ ಆಯ್ತಾ?" ಅಂತಾರೆ. ಇಪ್ಪತ್ತು ಲೀಟರ್ ನೀರಿನ ಕ್ಯಾನನ್ನ ಆಫೀಸಿಗೂ ಮನೆಗೂ ತಾವೇ ಹೊರ್ತಾರೆ. "ಜಿಮ್ಮಿಗೆ ಹೋಗ್ಬಾರ್ದಾ ಸಾರ್" ಅಂದ್ರೆ, "ಜಿಮ್ಮಲ್ಲಿ ಮೆಟ್ಟಿಲಿಲ್ವಲ್ಲಪ್ಪ" ಅಂತಾರೆ. ಇಷ್ಟೆಲ್ಲ ಅವ್ರ ಅಕ್ಕನಿಗೋಸ್ಕರ. ಸಾಕಿ ಬೆಳೆಸಿದ ಅಕ್ಕನಿಗೆ ಈಗ ನಡೆಯಕ್ಕಾಗಲ್ಲ. ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಪ್ರತಿ ಸಂಜೆ ಅಕ್ಕನ್ನ ಹೊತ್ತು ಇಳಿಸಿ, ಗಾಳಿಗೆ ಕೂರಿಸಿ, ಮತ್ತೆ ಹೊತ್ತು ಹತ್ತಿಸ್ತಾರೆ. ಇವತ್ತು ಸಂಜೆ ನಾನೂ ಫೈಲ್ ಹಿಡ್ಕೊಂಡು ಹಿಂದೆ ಇದ್ದೆ. ದಿನಾ ಎರಡನೇ ಮಹಡೀಲಿ ನಿಂತು ಸುಧಾರಿಸ್ಕೊಳ್ಳೋರು, ಇವತ್ತು ಅಕ್ಕನ್ನ ಹೊತ್ತು ಎಲ್ಲೂ ನಿಲ್ಲದೆ ಹತ್ತಿಬಿಟ್ರು. "ನಿಂಗೀಗ ಶಕ್ತಿ ಬಂತು ಕಣೋ" ಅಂದ್ರು ಅಕ್ಕ. ಯಜಮಾನ್ರು ಅವ್ರನ್ನ ಮಲಗಿಸಿ, ಕೆಳಗಿಳಿದು, ನೀರಿನ ಕ್ಯಾನ್ ಹೊತ್ತು ಹತ್ತಿದ್ರು. ಎರಡನೇ ಮಹಡೀಲಿ ಎಂದಿನ ಹಾಗೇ ಉಸಿರು ಕಟ್ತು. ಕ್ಯಾನ್ ಇಳಿಸಿ, "ನನ್ ಶಕ್ತಿ ಅಷ್ಟೇ ಇದೆ ಕಣಪ್ಪ, ಅಕ್ಕ ಕರಗ್ತಿದ್ದಾಳೆ" ಅಂದ್ರು. ಆಮೇಲೆ ಆ ಮೆಟ್ಟಿಲ ಮೇಲೇ ಕೂತು ಡಾಕ್ಟರಿಗೆ ಫೋನ್ ಮಾಡಿದ್ರು.