ಹಳ್ಳದ ದಂಡೆಯಲ್ಲಿ ನಿಲ್ಲುತ್ತಿದ್ದ ಗಾಡಿ

ವೈನಿಗೆ ಏಳು ತಿಂಗಳು ತುಂಬಿದ ಹೊತ್ತಿಗೆ ನಮ್ಮ ಮೋಟಾರು ನಿಲ್ಲುವ ಚಟ ಹಚ್ಚಿಕೊಂಡಿತು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಅವಳ ಮೊದಲ ಕೂಸು ಎರಡು ವರ್ಷದ ಹಿಂದೆ ನಮ್ಮೂರು ಮೂಡಲಗಿಯಿಂದ ಗೋಕಾಕಕ್ಕೆ ಹೆರಿಗೆಗೆಂದು ಹೋಗುವಾಗ ಎತ್ತಿನ ಗಾಡಿಯಲ್ಲೇ ತೀರಿಕೊಂಡಿತ್ತು. ಇನ್ನೊಮ್ಮೆ ಹಾಗಾಗಬಾರದೆಂದೇ ಅಣ್ಣ ಬೆಳಗಾವಿಯ ವಕೀಲರೊಬ್ಬರು ಬಳಸಿ ಬಿಟ್ಟಿದ್ದ ಮೋಟಾರನ್ನು ತಂದಿದ್ದ. ಗೋಕಾಕದ ದವಾಖಾನೆಯ ಡಾಕ್ಟರಬಾಯಿ ನಮ್ಮನ್ನೆಲ್ಲ ನಿಲ್ಲಿಸಿ ಹೇಳಿದ್ದರು, "ಮೊದಲನೇ ಬ್ಯಾನಿ ಬಂದ ಕೂಡ್ಲೇ ಹೊರಡ್ರಿ. ಈ ಸಲ ತಡಾ ಮಾಡಿದ್ರ ನನ್ನ ಕೈಯಾಗ ಏನೂ ಉಳಿಯೂದಿಲ್ಲ."

ಮನೆಯಲ್ಲಿ ಮೋಟಾರು ನಡೆಸಲು ಬರುತ್ತಿದ್ದುದು ನನಗೊಬ್ಬನಿಗೇ. ಅದರ ಜಂಬವೂ ನನಗೆ ಸಾಕಷ್ಟಿತ್ತು.

ಗಾಡಿ ನಿಲ್ಲುವ ರೀತಿ ವಿಚಿತ್ರವಾಗಿತ್ತು. ಮನೆ ಬಿಟ್ಟು ಏಳೆಂಟು ಮೈಲಿ ಹೂವಿನಂತೆ ಹೋಗುತ್ತಿತ್ತು. ಆಮೇಲೆ ಎರಡು ಸಲ ಬಿಕ್ಕಳಿಸಿ ಸುಮ್ಮನಾಗುತ್ತಿತ್ತು. ನಾನು ಇಳಿದು ಮೊದಲು ಪೆಟ್ರೋಲು ನೋಡುತ್ತಿದ್ದೆ. ಪೆಟ್ರೋಲಿನ ಟಾಕಿ ಮುಂದಿನ ಗಾಜಿನ ಬುಡದಲ್ಲಿತ್ತು. ಮುಚ್ಚಳ ತಿರುವಿ ಒಳಗೆ ಕಡ್ಡಿ ಇಳಿಸಿ ಅಳೆಯಬೇಕು. ಪೆಟ್ರೋಲು ಇದ್ದೇ ಇರುತ್ತಿತ್ತು. ಆಮೇಲೆ ಪ್ಲಗ್ ಒರೆಸಿ, ತಂತಿ ಬಿಗಿದು, ಎಂಜಿನ್ ಎಬ್ಬಿಸುವ ಹ್ಯಾಂಡಲ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಪ್ಲಗ್ ಒರೆಸಿದ ದಿನ ಪ್ಲಗ್ಗೇ ಕಳ್ಳ ಎನ್ನುತ್ತಿದ್ದೆ, ತಂತಿ ಬಿಗಿದ ದಿನ ತಂತಿ. ಮೂರು ವಾರದಲ್ಲಿ ಆರು ಕಳ್ಳರನ್ನು ಹಿಡಿದೆ, ಗಾಡಿ ಮಾತ್ರ ನಿಲ್ಲುತ್ತಲೇ ಇತ್ತು.

ಏಳನೇ ಮೈಲಿಯ ಹತ್ತಿರ ಒಂದು ಹಳ್ಳವಿದೆ. ಗಾಡಿ ಅದರ ಆಚೆಗೂ ನಿಂತದ್ದುಂಟು, ಈಚೆಗೂ ನಿಂತದ್ದುಂಟು. ಆದರೆ ಜನರ ನೆನಪಿನಲ್ಲಿ ಉಳಿದದ್ದು ದಂಡೆಯ ಮೇಲೆ ನಿಂತದ್ದಷ್ಟೇ. ಅಲ್ಲಿ ಹಿಂದೆ ಯಾರೋ ಬಸುರಿ ಹೆಂಗಸು ನೀರು ಪಾಲಾಗಿದ್ದಳಂತೆ, ಅವಳೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತಾಳಂತೆ. ಈ ಸುದ್ದಿಯನ್ನು ವೈನಿಯ ಕಿವಿಗೆ ಹಾಕಿದ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಕೇಳಿದಳು, "ಬ್ಯಾರೆ ಹಾದಿ ಇಲ್ಲೇನ್ರಿ ಗೋಕಾಕಕ್ಕ?" ನಾನು ನಕ್ಕುಬಿಟ್ಟೆ. ಆದರೆ ಅಂದಿನಿಂದ ಆ ಹಳ್ಳ ಸಮೀಪಿಸಿದಾಗ ನಾನೂ ಗಾಡಿಯನ್ನು ಜೋರು ಬಿಡತೊಡಗಿದೆ.

ಒಂಬತ್ತನೇ ತಿಂಗಳು ಹಿಡಿದಾಗ ಹೆದರಿ, ಗೋಕಾಕ ದಾಟಿ ಹುಕ್ಕೇರಿಗೆ ಹೋದೆ. ಅಲ್ಲಿ ಒಬ್ಬ ಮುದುಕ ಮಿಸ್ತ್ರಿ ಇದ್ದ. ಕಣ್ಣು ಮಂಜಾದರೂ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನೆಂದು ಹೆಸರು. ಹೋಗುವಾಗ ಎರಡು ಸಲ ನಿಂತಿತು. ಅವನ ಅಂಗಳದಲ್ಲಿ ಟಾಕಿಯ ಮುಚ್ಚಳ, ಬಾನೆಟ್ಟು ಎಲ್ಲ ಬಿಚ್ಚಿಟ್ಟು ಒಂದು ತಾಸು ನಡೆಸಿದೆವು. ಒಮ್ಮೆಯೂ ಕೆಮ್ಮಲಿಲ್ಲ.

"ನನ್ನ ಮುಂದ ಶಾಣ್ಯಾ ಆಗೇತಿ ನೋಡ್ರಿ ಸಾವಕಾರ್ರ," ಎಂದ ಮಿಸ್ತ್ರಿ. "ಕಿಡಿ ಹುಟ್ಟಸೂ ಕಾಯಿಲ್ ಕಾದ ಮ್ಯಾಲ ಕೈ ಕೊಡತೈತಿ ಅಂತ ಕಾಣತೈತಿ. ಬ್ಯಾರೆ ಹಾಕ್ತೀನಿ. ಮತ್ತ ಟಾಕಿ ಯಾವಾಗಲೂ ತುಂಬ ಇಟ್ಕೋರಿ, ಎಣ್ಣಿ ಭಾರಕ್ಕ ಛಲೋ ಇಳೀತೈತಿ."

ಬರುವಾಗ ಗಾಡಿ ಎಲ್ಲೂ ನಿಲ್ಲಲಿಲ್ಲ. ಹಳ್ಳವನ್ನೂ ದಾಟಿತು. ನಾನು ಮನೆಗೆ ಬಂದವನೇ ವೈನಿಗೆ ಹೇಳಿದೆ, "ಆ ಹೆಣ್ಮಗಳು ಕಾಯಿಲಿನಾಗ ಕುಂತಿದ್ಲ ನೋಡ್ರಿ, ಹುಕ್ಕೇರಿಯೊಳಗ ಬಿಟ್ಟು ಬಂದೆ." ಅವಳು ಎಷ್ಟೋ ದಿನದ ಮೇಲೆ ನಕ್ಕಳು. ಆಮೇಲೆ ಗಾಡಿಯನ್ನು ಸುಮ್ಮನೆ ಹೊರಗೆ ಒಯ್ಯದೆ ಕಾಯ್ದಿಟ್ಟೆ.

ಶ್ರಾವಣದ ಒಂದು ಬೆಳಿಗ್ಗೆ ಮಿಸ್ತ್ರಿಯ ಮಾತು ನೆನಪಾಗಿ ಎರಡು ಡಬ್ಬಿ ಪೆಟ್ರೋಲು ಸುರಿದೆ. ಟಾಕಿ ಕಂಠದವರೆಗೆ ತುಂಬಿತು. ಮಳೆನೀರು ಇಳಿಯದಿರಲೆಂದು ಮುಚ್ಚಳವನ್ನು ಮೈಬಲವೆಲ್ಲ ಹಾಕಿ ಬಿಗಿದೆ. ಅಂದೇ ಮಧ್ಯಾಹ್ನ ವೈನಿಗೆ ಬ್ಯಾನಿ ಶುರುವಾಯಿತು.

ಹಿಂದಿನ ಸೀಟಿನಲ್ಲಿ ಅವ್ವ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಣ್ಣ ನನ್ನ ಬಾಜೂ. ಹಳ್ಳ ಹಾಗಿರಲಿ, ಮೂರನೇ ಮೈಲಿಗೇ ಗಾಡಿ ಬಿಕ್ಕಳಿಸಿತು. ನಿಂತಿತು.

ಟಾಕಿಯನ್ನು ನಾನೇ ತುಂಬಿದ್ದೆನಲ್ಲ, ಪೆಟ್ರೋಲು ನೋಡುವ ಪ್ರಶ್ನೆಯೇ ಬರಲಿಲ್ಲ. ಪ್ಲಗ್ ಬಿಚ್ಚಿದೆ. ಕಾಯಿಲ್ ಮುಟ್ಟಿದೆ, ತಣ್ಣಗಿತ್ತು. ಕಿಡಿ ನೀಲಿಯಾಗಿ ಹಾರುತ್ತಿತ್ತು. ಹ್ಯಾಂಡಲ್ ಹೊಡೆದು ಹೊಡೆದು ಅಂಗೈ ಸುಲಿಯಿತು. ಜಿಟಿಜಿಟಿ ಮಳೆ. ಹಿಂದಿನಿಂದ ವೈನಿಯ ದನಿ ಬಂತು, "ಹಳ್ಳ ಬಂತೇನ್ರಿ?" "ಇಲ್ರಿ ವೈನಿ, ಇನ್ನೂ ದೂರ ಐತಿ," ಎಂದೆ. ಅವಳು ಅಳತೊಡಗಿದಳು. ಅಣ್ಣ ಎತ್ತಿನ ಗಾಡಿ ಹುಡುಕಲು ಹೊಲದ ಕಡೆ ಓಡಿದ. ಒಂದು ತಾಸಿಗೂ ಮೇಲಾಯಿತು. ನನಗೆ ಆ ಯಂತ್ರವನ್ನು ಸುತ್ತಿಗೆಯಿಂದ ಜಜ್ಜಿಬಿಡಬೇಕೆನ್ನಿಸಿತು.

ಕೊನೆಗೆ ಮಾಡಲು ಏನೂ ಉಳಿಯದೆ, ಕೈಯ ಹಳೆಯ ಚಾಳಿಯಿಂದ ಮುಚ್ಚಳ ತಿರುವಿದೆ. ಟಾಕಿ ಸುಂಯ್ ಎಂದು ಗಾಳಿಯನ್ನು ಒಳಗೆ ಎಳೆದುಕೊಂಡಿತು.

ಹಿಂದೆಯೂ ಬಂದಿದ್ದಿರಬಹುದಾದ ಆ ಸದ್ದನ್ನು ಈ ಸಲ ಕಿವಿಗೊಟ್ಟು ಕೇಳಿದಾಗ ನನಗೆ ಎಲ್ಲ ಒಟ್ಟಿಗೇ ತಿಳಿಯಿತು. ಪೆಟ್ರೋಲು ಇಳಿದಷ್ಟೂ ಟಾಕಿಯೊಳಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಒಂದು ಸಣ್ಣ ತೂತು. ಗಾಳಿ ಹೋಗದಿದ್ದರೆ ಪೆಟ್ರೋಲು ಇಳಿಯದು. ಟಾಕಿ ತುಂಬಿದ್ದಷ್ಟೂ ಒಳಗೆ ಗಾಳಿ ಕಡಿಮೆ, ಗಾಡಿ ಅಷ್ಟೂ ಬೇಗ ನಿಲ್ಲುತ್ತದೆ. ಇಷ್ಟು ದಿನ ಗಾಡಿ ಹೊರಟದ್ದು ಪ್ಲಗ್ ಒರೆಸಿದ್ದಕ್ಕಲ್ಲ, ಕಡ್ಡಿ ಇಳಿಸಲು ಮುಚ್ಚಳ ತೆಗೆದದ್ದಕ್ಕೆ. ಮಿಸ್ತ್ರಿಯ ಅಂಗಳದಲ್ಲಿ ಮುಚ್ಚಳ ತೆರೆದೇ ಇತ್ತು, ಹುಕ್ಕೇರಿಯಿಂದ ಬರುವಾಗ ಸಡಿಲವಾಗಿ ಕೂತಿದ್ದಿರಬೇಕು.

ಮುಚ್ಚಳವನ್ನು ಹೊರಳಿಸಿ ನೋಡಿದೆ. ತೂತಿನಲ್ಲಿ ಹತ್ತಿಯ ಎಳೆಯೊಂದು ಧೂಳು, ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಉಗುರಿನಿಂದ ಎಳೆದೆ. ಬಸದಿಯ ದೀಪಕ್ಕೆಂದು ಹೊಸೆಯುವ ಬತ್ತಿ.

"ಅದನ್ನ ತಗೀಬ್ಯಾಡೋ ತಮ್ಮಾ," ಎಂದಳು ಅವ್ವ ಹಿಂದಿನಿಂದ. "ಇರವಿ ಸಾಲ ಹಿಡದು ಅದರಾಗ ಇಳ್ಯಾಕತ್ತಿದ್ವು. ಆ ಎಣ್ಯಾಗ ಬಿದ್ದು ಸಾಯ್ತಾವಂತ ನಾನ ತುರುಕೇನಿ. ಪಾಪದ ಜೀವ."

ನಮ್ಮ ಅವ್ವ ಜೈನರ ವ್ರತ ಹಿಡಿದವಳು, ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ, ಅರಿವೆಯಲ್ಲಿ ಸೋಸದ ನೀರು ಮುಟ್ಟುವವಳಲ್ಲ. ಆಕೆಯ ತೊಡೆಯ ಮೇಲೆ ವೈನಿ ತುಟಿ ಕಚ್ಚಿಕೊಂಡು ಮಲಗಿದ್ದಳು. ನನ್ನ ಬಾಯಿಗೆ ಬಂದ ಮಾತನ್ನು ಆಡಿದ್ದರೆ ಅವ್ವ ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದಳು. ಬತ್ತಿಯನ್ನು ಕೆಸರಿಗೆ ಎಸೆದು ಹ್ಯಾಂಡಲ್ ಹೊಡೆದೆ. ಮೊದಲ ಸುತ್ತಿಗೇ ಎಂಜಿನ್ ಎದ್ದಿತು. ಅಷ್ಟರಲ್ಲಿ ಅಣ್ಣನೂ ಬರಿಗೈಯಲ್ಲಿ ಮರಳಿದ. ಅವನನ್ನು ಹತ್ತಿಸಿಕೊಂಡು ಹೊರಟೆ. ಗೋಕಾಕದವರೆಗೆ ಗಾಡಿ ಒಂದು ಸಲವೂ ನಿಲ್ಲಲಿಲ್ಲ.

ವೈನಿ ಉಳಿದಳು. ಕೂಸು ಗಂಡು, ತುಂಬಿದ ಕೂಸು, ಉಸಿರಿರಲಿಲ್ಲ. ಡಾಕ್ಟರಬಾಯಿ ಕೈ ಒರೆಸಿಕೊಳ್ಳುತ್ತಾ, "ಒಂದ ತಾಸ ಮೊದಲ ಬಂದಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಮೂರನೇ ದಿನ ದವಾಖಾನೆಯ ಕಟ್ಟೆಯ ಮೇಲೆ ಅವ್ವ ನನ್ನ ಪಕ್ಕ ಬಂದು ಕೂತಳು. ಅತ್ತು ಅತ್ತು ಮುಖ ಬಾತಿತ್ತು. "ಅವತ್ತ ಗಾಡಿ ಯಾಕ ನಿಂತಿತ್ತೋ?" ಎಂದು ಕೇಳಿದಳು.

"ಕಾಯಿಲ್ ಸುಟ್ಟಿತ್ತವ್ವ," ಎಂದೆ.

"ಯಂತ್ರಕ್ಕ ಕರುಣಾ ಎಲ್ಲಿಂದ ಬರಬೇಕು," ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಮಾತಿಗೆ ನಾನು ಎದ್ದು ಹೋಗಿಬಿಟ್ಟೆ. ಆಕೆ ತೀರಿಹೋಗಿ ಎಷ್ಟೋ ವರ್ಷಗಳಾದವು, ಕೊನೆಯವರೆಗೂ ಆ ಕಾಯಿಲನ್ನೇ ಶಪಿಸಿದಳು. ಆಕೆಯ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಪ್ಪತ್ತು ಸಲವಾದರೂ ಆ ಮುಚ್ಚಳವನ್ನು ಕೈಯಲ್ಲಿ ಹಿಡಿದು, ಒಮ್ಮೆಯೂ ಹೊರಳಿಸಿ ನೋಡದವನು ನಾನೇ ಎಂಬುದನ್ನು ವೈನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಅವಳು ಆಮೇಲೆ ಬಸುರಾಗಲಿಲ್ಲ.