ಟಣ್ಣಪ್ಪನ ಹಸಿರು ಹಲಗೆ

ಟಣ್. ಟಣ್. ಟಣ್.

ಬೆಳಗ್ಗೆ ಕೆಲಸಕ್ಕೆ ಬರುವವರ ಕಿವಿಗೆ ಮೊದಲು ಬೀಳುವುದು ಈ ಸದ್ದೇ. ಕಟ್ಟಡದ ಸುತ್ತ ಸಾರವೆ ಕಟ್ಟುವ ಮುದುಕ ಕಬ್ಬಿಣದ ಕೊಳವೆಗಳು ಕೂಡುವ ಕಡೆಯಲ್ಲೆಲ್ಲ ಸ್ಪ್ಯಾನರಿನಿಂದ ತಟ್ಟುತ್ತ ಬರುತ್ತಾನೆ. ಬಿಗಿಯಿದ್ದರೆ ಟಣ್ಣೆನ್ನುತ್ತದೆ, ಸಡಿಲವಿದ್ದರೆ ಲೊಡಲೊಡ ಎನ್ನುತ್ತದೆ. ಇಪ್ಪತ್ತೆಂಟು ವರ್ಷ ತಟ್ಟಿ ತಟ್ಟಿ ಅವನ ಹೆಸರೇ ಟಣ್ಣಪ್ಪ ಎಂದಾಗಿದೆ. ಮನೆಯಲ್ಲಿ ನೀರಿನ ಲೋಟವನ್ನೂ ತಟ್ಟಿ ನೋಡಿಯೇ ಕುಡಿಯುತ್ತಾನೆಂದು ಹೆಂಡತಿ ನಗುತ್ತಾಳೆ. ಎಲ್ಲ ನೋಡಿ ಮುಗಿಸಿ ಪ್ರತಿ ಏಣಿಯ ಬುಡಕ್ಕೂ ಅವನು ಹಸಿರು ಹಲಗೆ ತೂಗುಹಾಕಿದ ಮೇಲೆಯೇ ಯಾರಾದರೂ ಹತ್ತಬೇಕು. ಸಂಜೆ ಅವನ್ನು ತೆಗೆದಿಡುವವನೂ ಅವನೇ.

ಇವತ್ತು ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಅವನ ಕೈ ನಿಂತಿತು. ಸಾರವೆಯನ್ನು ಗೋಡೆಗೆ ಹಿಡಿದಿಡುವ ಅಡ್ಡಕೊಳವೆ ಇಲ್ಲ. ಪಕ್ಕದ್ದೂ ಇಲ್ಲ. ಅವಿದ್ದ ಜಾಗದಲ್ಲಿ ನುಣ್ಣಗೆ ಹಸಿ ಗಾರೆ. ತಲೆಯ ಮೇಲೆ ಕರಣೆ ಕೆರೆಯುವ ಸದ್ದು.

ನಿನ್ನೆ ಸಂಜೆ ಮೊಮ್ಮಗಳಿಗೆ ಜ್ವರವೆಂದು ಮನೆಗೆ ಓಡುವ ಗಡಿಬಿಡಿಯಲ್ಲಿ ಹಲಗೆ ತೆಗೆಯುವುದು ಮರೆತಿತ್ತು. ಅದನ್ನು ನಂಬಿ ಇವತ್ತು ಮೂವರು ಗಾರೆಯವರು ಆಗಲೇ ಹತ್ತಿದ್ದರು. ಅವರಲ್ಲೊಬ್ಬ ಆ ಮಗುವಿನ ಅಪ್ಪ, ಟಣ್ಣಪ್ಪನ ಅಳಿಯ.

"ಅಳಿಯಂದ್ರೇ," ಮುದುಕ ದನಿ ಏರಿಸದೆ ಕರೆದ. "ಕರಣೆ ಅಲ್ಲೇ ಬಿಡಿ. ಒಬ್ಬೊಬ್ರೇ ಕಿಟಕಿಯಿಂದ ಒಳಗೆ ಹೋಗಿ. ಓಡ್ಬೇಡಿ."

"ಯಾಕೆ ಮಾವ, ಬೆಳಗ್ಗೆಬೆಳಗ್ಗೇನೇ ಮಗಳು ಚಾಡಿ ಹೇಳಿದ್ಲಾ?"

ಮೂವರೂ ನಕ್ಕರು. ಆ ನಗುವಿಗೇ ಸಾರವೆ ಗೋಡೆಯಿಂದ ಎರಡು ಬೆರಳು ಸರಿದು, ಮತ್ತೆ ಬಂದು ತಾಗಿತು. ನಗು ನಿಂತಿತು.

ಒಬ್ಬ ಒಳಗಾದ. ಇನ್ನೊಬ್ಬ. ಕೊನೆಗೆ ಅಳಿಯನ ಹಿಮ್ಮಡಿ ಕಿಟಕಿಯೊಳಗೆ ಮರೆಯಾದಾಗ ಮುದುಕ ಕಟ್ಟಡದೊಳಗಿನ ಮೆಟ್ಟಿಲ ಕಡೆ ತಿರುಗಿದ.

ಮೆಟ್ಟಿಲಲ್ಲಿ ಅಳಿಯ ಎದುರಾದ, ಹಿಂದೆಯೇ ಮೇಸ್ತ್ರಿ.

"ಆ ಕೊಳವೆ ಕರಣೆಗೆ ಅಡ್ಡ ಬರ್ತಿತ್ತು ಮಾವ. ನಿನ್ನೆ ನಾನೇ ಬಿಚ್ದೆ. ಗಾರೆ ಒಣಗಿದ್ಮೇಲೆ ಹಾಕೋಣ ಅಂತ..."

"ನಂದೂ ತಪ್ಪೇ. ಹಲಗೆ ತೆಗೀಲಿಲ್ಲ."

"ತಲೆಗೆ ಬಂದಿದ್ದು ಮುಂಡಾಸಿಗೆ ಹೋಯ್ತಲ್ಲ, ಬಿಡು," ಎಂದ ಮೇಸ್ತ್ರಿ. "ಬೇಗ ಕಟ್ಬಿಡಪ್ಪ. ಹನ್ನೊಂದಕ್ಕೆ ಇಂಜಿನಿಯರು ಬರ್ತಾರೆ."

ಮುದುಕ ಅಳಿಯನನ್ನೇ ನೋಡುತ್ತಿದ್ದ. "ಹಿಂದುಗಡೆ ಗೋಡೆಗೂ ನೀವೇ ಅಲ್ವಾ ಗಾರೆ ಹಾಕಿದ್ದು?"

"ಹ್ಞೂಂ. ಅಲ್ಲೂ ಒಂದೆರಡು..."

ಹಿಂದುಗಡೆಯ ಏಣಿಯ ಹಲಗೆಯೂ ನಿನ್ನೆಯಿಂದ ತೂಗುತ್ತಲೇ ಇತ್ತು. ಗೋಡೆಯಾಚೆ ಕಬ್ಬಿಣದ ಏಣಿಯ ಮೇಲೆ ಹೆಜ್ಜೆಗಳು ಕೇಳತೊಡಗಿದ್ದವು.

"ಅಲ್ಲ ಟಣ್ಣಪ್ಪ, ಇಂಜಿನಿಯರು ಕೇಳಿದ್ರೆ ನಾನು ಏನಂತ..." ಮೇಸ್ತ್ರಿ ಹೇಳುತ್ತಲೇ ಇದ್ದ. ಟಣ್ಣಪ್ಪ ಆಗಲೇ ಮೆಟ್ಟಿಲ ತಿರುವು ದಾಟಿದ್ದ.